ಚಂಬಲ್ ಕೊರಕಲಿನಲ್ಲಿ ಬೈಕ್: ಜಿಪಿಎಸ್ ಟ್ರ್ಯಾಕ್ ಯಾಕೆ ಕಳಿಸಲ್ಲ ಅಂದ್ರೆ...

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಫೆಬ್ರವರಿಯಲ್ಲಿ ಚಂಬಲ್ ಕಣಿವೆಗೆ ಬೈಕ್ ತಗೊಂಡು ಹೋಗಿ ಬಂದೆ ಅಂತ ಹೇಳಿದ್ದೇ ತಡ, ನಿಮ್ಮ ಮೆಸೇಜುಗಳು ಬರೋಕೆ ಶುರುವಾದವು. ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಡಕಾಯಿತರು ಇನ್ನೂ ಇದ್ದಾರಾ?" ಬೈಕ್ ಓಡಿಸೋ ಗೆಳೆಯರು ಕೇಳಿದ್ದು ಇನ್ನೊಂದು: "ಗುರೂ, ಜಿಪಿಎಸ್ ಟ್ರ್ಯಾಕ್ ಕಳಿಸು." ಮೊದಲನೇ ಪ್ರಶ್ನೆಗೆ ಉತ್ತರ ಸುಲಭ, ಮುಂದೆ ಕೊಡ್ತೀನಿ. ಎರಡನೆಯದಕ್ಕೆ ಉತ್ತರ: ಕಳಿಸಲ್ಲ. ಬೇಜಾರು ಮಾಡ್ಕೋಬೇಡಿ. ಯಾಕೆ ಅಂತ ಸರಿಯಾಗಿ ಹೇಳೋಕೆ ಇಪ್ಪತ್ತು ನಿಮಿಷ ಬೇಕು, ಅದಕ್ಕೇ ಈ ಸಂಚಿಕೆ.

ಬೈಕ್ ಬಗ್ಗೆ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಡ್ಯುಯಲ್ ಸ್ಪೋರ್ಟ್ ಅಂದ್ರೆ ಟಾರ್ ರಸ್ತೆಯಲ್ಲೂ ಓಡುವ, ಮಣ್ಣಿನ ದಾರಿಯಲ್ಲೂ ಓಡುವ ಹಗುರವಾದ ಬೈಕು. ನಂಬರ್ ಪ್ಲೇಟು, ಹೆಡ್‌ಲೈಟು, ಇಂಡಿಕೇಟರು ಎಲ್ಲ ಇರುತ್ತೆ, ಆದರೆ ಮುಂದಿನ ಚಕ್ರ ದೊಡ್ಡದು, ಸಸ್ಪೆನ್ಷನ್ ಉದ್ದ, ಎಂಜಿನ್ ನೆಲದಿಂದ ಎತ್ತರದಲ್ಲಿ. ನಮ್ಮಲ್ಲಿ 2011ರಲ್ಲಿ ಹೀರೋ ಇಂಪಲ್ಸ್ ಅಂತ ಒಂದು ಬಂದಿತ್ತು, ಕೆಲವೇ ವರ್ಷ ಇದ್ದು ಹೋಯ್ತು. ಆಮೇಲೆ ಎಕ್ಸ್‌ಪಲ್ಸ್ ಬಂತು. ನನ್ನ ಹತ್ತಿರ ಇರೋದು ಅದೇ, ಅದೂ ಸೆಕೆಂಡ್ ಹ್ಯಾಂಡ್. ಬಿ.ಕಾಂ ಓದಿರೋದ್ರಿಂದ ಹೊಸ ಗಾಡಿ ಶೋರೂಮಿನಿಂದ ಆಚೆ ಬಂದ ದಿನವೇ ಎಷ್ಟು ಬೆಲೆ ಕಳ್ಕೊಳ್ಳುತ್ತೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ, ಏನು ಮಾಡೋದು.

ಇನ್ನು ಜಾಗದ ಬಗ್ಗೆ. ಮಧ್ಯಪ್ರದೇಶದ ಮೊರೆನಾ, ಭಿಂಡ್, ರಾಜಸ್ಥಾನದ ಧೋಲ್ಪುರ, ಉತ್ತರಪ್ರದೇಶದ ಆಗ್ರಾ, ಇಟಾವಾ. ಈ ಜಿಲ್ಲೆಗಳ ಗಡಿಯಲ್ಲಿ ಚಂಬಲ್ ನದಿ ಹರಿಯುತ್ತೆ. ನದಿಯ ಎರಡೂ ಬದಿಗೆ ನೆಲ ಸೀಳಿಹೋಗಿದೆ. ಮಣ್ಣಿನ ದಿಬ್ಬ, ಅದರ ಪಕ್ಕ ಕೊರಕಲು, ಮತ್ತೆ ದಿಬ್ಬ, ಮತ್ತೆ ಕೊರಕಲು. ಕೆಲವು ಕಡೆ ಕೊರಕಲಿನ ಆಳ ಐದಾರು ಮಹಡಿ ಕಟ್ಟಡದಷ್ಟು. ಅಲ್ಲಿನವರು ಇದನ್ನು ಬೀಹಡ್ ಅಂತಾರೆ. ಇಂಗ್ಲಿಷಿನಲ್ಲಿ ಇಂಥ ನೆಲಕ್ಕೆ ಬ್ಯಾಡ್‌ಲ್ಯಾಂಡ್ಸ್ ಅನ್ನೋ ಹೆಸರಿದೆ. ಅಮೆರಿಕದ ಸೌತ್ ಡಕೋಟಾದಲ್ಲಿ ಲಕೋಟಾ ಜನ ತಮ್ಮ ಭಾಷೆಯಲ್ಲಿ ಕೆಟ್ಟ ನೆಲ ಅಂತ ಕರೆದಿದ್ದರು, ಅದೇ ಅರ್ಥ ಇಂಗ್ಲಿಷಿಗೂ ಬಂತು. ಅಲ್ಲಿ 1978ರಿಂದ ಅದು ನ್ಯಾಷನಲ್ ಪಾರ್ಕ್, ರಸ್ತೆ ಬಿಟ್ಟು ಒಂದಡಿ ಆಚೆಗೂ ಬೈಕ್ ಇಳಿಸೋ ಹಾಗಿಲ್ಲ. ಚಂಬಲ್‌ನ ಬೀಹಡ್ ಹಾಗಲ್ಲ. ಅಲ್ಲಿ ಜನ ಇದ್ದಾರೆ, ಹೊಲ ಇದೆ, ಎಮ್ಮೆ ಇದೆ, ಊರಿಂದ ಊರಿಗೆ ನೂರಾರು ಕಾಲುದಾರಿ ಇದೆ. ಬೈಕ್ ಸವಾರನಿಗೆ ಆಸೆ ಹುಟ್ಟಿಸೋದೂ ಅದೇ.

ಹೋಗೋದು ಹೇಗೆ? ಒಂದು ತಮಾಷೆ ನೋಡಿ. ಹೆಬ್ಬಾಳದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಹೋಗೋ ರಸ್ತೆ ಇದೆಯಲ್ಲ, ರಾಷ್ಟ್ರೀಯ ಹೆದ್ದಾರಿ 44, ಅದೇ ಹೆದ್ದಾರಿ ಹೈದರಾಬಾದ್, ನಾಗಪುರ, ಝಾನ್ಸಿ, ಗ್ವಾಲಿಯರ್ ದಾಟಿ, ಮೊರೆನಾ ಮತ್ತು ಧೋಲ್ಪುರದ ಮಧ್ಯೆ ಚಂಬಲ್ ಸೇತುವೆ ಮೇಲೇ ಹಾದುಹೋಗುತ್ತೆ. ಎಲ್ಲೂ ತಿರುಗದೆ ಹೋದರೂ ಬೀಹಡ್ ಸಿಗುತ್ತೆ ಅಂತ ಆಯ್ತು. ಆದರೆ ಗ್ವಾಲಿಯರ್‌ವರೆಗೇ 1,700 ಕಿ.ಮೀ.ಗೂ ಹೆಚ್ಚು. ಇನ್ನೂರು ಸಿಸಿ ಬೈಕಲ್ಲಿ ಹೆದ್ದಾರಿ ಮೇಲೆ ನಾಲ್ಕು ದಿನ ಲಾರಿ ಹಿಂದೆ ಹೋಗೋದಕ್ಕಿಂತ ರೈಲಿಗೆ ಹಾಕೋದು ವಾಸಿ. ಕರ್ನಾಟಕ ಎಕ್ಸ್‌ಪ್ರೆಸ್ ಗ್ವಾಲಿಯರ್ ಮೇಲೇ ದೆಹಲಿಗೆ ಹೋಗುತ್ತೆ. ಪಾರ್ಸೆಲ್ ಆಫೀಸಿಗೆ ಮುಂಚೆಯೇ ಹೋಗಿ, ಆರ್‌ಸಿ ನಕಲು, ಗುರುತಿನ ಚೀಟಿ ಕೊಟ್ಟು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ, ಗೋಣಿಚೀಲ ಸುತ್ತಿಸಬೇಕು. ಕನ್ನಡಿಗಳನ್ನು ಬಿಚ್ಚಿ ಬ್ಯಾಗಿಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಇಳಿಸುವಾಗ ಒಂದಾದರೂ ಹೋಗುತ್ತೆ.

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರವರಿ. ಅದರಲ್ಲೂ ಡಿಸೆಂಬರ್ ಕೊನೆ, ಜನವರಿಯಲ್ಲಿ ಬೆಳಗ್ಗೆ ಎಷ್ಟೋ ದಿನ ಮುಂದಿನ ಚಕ್ರವೇ ಕಾಣದಷ್ಟು ಮಂಜು, ಅದನ್ನು ಬಿಡಿ. ಫೆಬ್ರವರಿಯಲ್ಲಿ ಸಾಸಿವೆ ಹೊಲ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗೋ ಹೊತ್ತು. ಸಂಜೆ ಚಳಿಗೆ ಮೊರೆನಾದ ಗಜಕ್ ತಿನ್ನಬೇಕು. ಎಳ್ಳು, ಬೆಲ್ಲ ಕುಟ್ಟಿ ಮಾಡಿದ್ದು. ನಮ್ಮ ಎಳ್ಳು ಚಿಕ್ಕಿಗೆ ದೂರದ ನೆಂಟ, ಆದರೆ ಬಾಯಲ್ಲಿ ಪುಡಿಯಾಗೋದು ಬೇರೆಯೇ ಥರ. ಮೇ, ಜೂನ್‌ನಲ್ಲಿ ಅಲ್ಲಿ ಬಿಸಿಲು ತಡೆಯೋಕಾಗಲ್ಲ. ಮಳೆಗಾಲದಲ್ಲಿ ಹೋಗಲೇಬೇಡಿ, ಕಾರಣ ಈಗ ಹೇಳ್ತೀನಿ.

ಬೀಹಡ್ ಆಗಿರೋದು ಮೆಕ್ಕಲು ಮಣ್ಣಿನಿಂದ. ನಯವಾದ ಹಳದಿ ಮಣ್ಣು, ಮಧ್ಯೆ ಮಧ್ಯೆ ಸುಣ್ಣದ ಗಂಟುಗಳು. ಒಣಗಿದಾಗ ಇದು ಗೋಡೆ ಥರ ನೆಟ್ಟಗೆ ನಿಲ್ಲುತ್ತೆ, ಕೈಯಲ್ಲಿ ಒತ್ತಿದರೆ ಕಲ್ಲು ಅನ್ನಿಸುತ್ತೆ. ಮೇಲೆ ನೀರು ಬಿದ್ದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ವರ್ಷದ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತೆ, ಉಳಿದ ಎಂಟು ತಿಂಗಳು ನೆಲ ಒಣಗಿ ಬಿರಿದಿರುತ್ತೆ. ಬಿರುಕಿನೊಳಗೆ ನೀರು ಇಳಿದು ಮಣ್ಣನ್ನು ಒಳಗಿನಿಂದಲೇ ತೊಳೆದುಕೊಂಡು ಹೋಗುತ್ತೆ. ಮೇಲೆ ನೆಲ ಸರಿಯಾಗೇ ಕಾಣುತ್ತೆ, ಕೆಳಗೆ ಪೊಳ್ಳು. ಬೈಕ್ ಮೇಲೆ ಹೋಗೋರಿಗೆ ಇದಕ್ಕಿಂತ ಅಪಾಯ ಇನ್ನೊಂದಿಲ್ಲ. ದಿಬ್ಬದ ಅಂಚಿನಲ್ಲಿ ಫೋಟೋಗೆ ಅಂತ ಗಾಡಿ ನಿಲ್ಲಿಸ್ತಾರಲ್ಲ, ಆ ಅಂಚು ಯಾವಾಗ ಕುಸಿಯುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ಅಂಚಿನಿಂದ ಎರಡು ಬೈಕಿನಷ್ಟು ದೂರ ಇರಿ. ಇದು ನನ್ನ ಮಾತಲ್ಲ, ಅಲ್ಲಿ ಆಡು ಮೇಯಿಸೋ ಹುಡುಗರು ಹೇಳಿಕೊಟ್ಟಿದ್ದು.

ಇನ್ನೊಂದು ವಿಷಯ ಗಮನಿಸಿ. ನಾವೆಲ್ಲ ಅಂದುಕೊಳ್ಳೋದು ಕೊರಕಲು ಮೇಲಿಂದ ಕೆಳಕ್ಕೆ, ಅಂದರೆ ಹೊಲದಿಂದ ನದಿ ಕಡೆಗೆ ಬೆಳೆಯುತ್ತೆ ಅಂತ. ಹಾಗಲ್ಲ. ಅದು ನದಿ ಕಡೆಯಿಂದ ಊರಿನ ಕಡೆಗೆ ಹಿಂದಕ್ಕೆ ತೆವಳುತ್ತೆ. ಹೊಲದ ನೀರು ಎಲ್ಲಿ ಕೊರಕಲಿಗೆ ಧುಮುಕುತ್ತೋ ಅಲ್ಲಿ ಅಂಚು ಕುಸಿಯುತ್ತೆ, ಮರುವರ್ಷ ಅದರ ಹಿಂದಿನ ಅಂಚು. ಅದನ್ನು ಕೊರಕಲಿನ ತಲೆ ಅಂತ ಇಟ್ಕೊಳ್ಳಿ. ತಲೆ ಮುಂದೆ ಮುಂದೆ ಬರುತ್ತೆ, ಹೊಲ ಹಿಂದೆ ಹಿಂದೆ ಸರಿಯುತ್ತೆ. ಆ ತಲೆಗೆ ದಾರಿ ತೋರಿಸೋದು ಏನು? ನೀರು ಒಂದೇ ಸಾಲಿನಲ್ಲಿ ಕೂಡಿ ಹರಿಯೋ ಹಾಗೆ ಮಾಡುವ ಯಾವುದೇ ತಗ್ಗು. ಎತ್ತಿನ ಗಾಡಿಯ ಜಾಡು, ದನ ಓಡಾಡಿದ ಕಾಲುದಾರಿ. ಈಗ ಅದಕ್ಕೆ ನಮ್ಮ ಟೈರೂ ಸೇರಿದೆ.

ಆಫ್‌ರೋಡ್ ಟೈರಿನ ಗುಣವೇ ಕಚ್ಚೋದು. ಒಣಮಣ್ಣಿನ ಮೇಲೊಂದು ತೆಳು ಹೆಪ್ಪು ಇರುತ್ತೆ, ಬಿದ್ದ ಮಳೆಯನ್ನು ಸ್ವಲ್ಪವಾದರೂ ತಡೆಯೋದು ಅದೇ. ಇಳಿಜಾರಿನಲ್ಲಿ ನೇರ ಮೇಲಕ್ಕೆ ಒಬ್ಬ ಗ್ಯಾಸ್ ಕೊಟ್ಟು ಹತ್ತಿದರೆ ಆ ಹೆಪ್ಪು ಒಡೆದು ಒಂದಂಗುಲ ಆಳದ ಗೆರೆ ಬೀಳುತ್ತೆ. ಅದೇ ಗೆರೆಯಲ್ಲಿ ಇಪ್ಪತ್ತು ಜನ ಹತ್ತಿದರೆ ಅದು ಕಾಲುವೆ. ಮಾಮೂಲಿ ಊರಲ್ಲಿ ಇದು ದೊಡ್ಡ ವಿಷಯವೇ ಅಲ್ಲ, ಒಂದು ಮಳೆಗೆ ಅಳಿಸಿ ಹೋಗುತ್ತೆ. ಬೀಹಡ್‌ನಲ್ಲಿ ಮಳೆ ಆ ಗೆರೆಯನ್ನು ಅಳಿಸಲ್ಲ, ಇನ್ನಷ್ಟು ಆಳ ಮಾಡುತ್ತೆ. ಟ್ರ್ಯಾಕ್ ಕಳಿಸಲ್ಲ ಅಂದಿದ್ದರ ಅರ್ಧ ಕಾರಣ ಇದೇ. ಒಬ್ಬರ ಟ್ರ್ಯಾಕ್ ನೂರು ಜನರ ಫೋನಿಗೆ ಹೋದರೆ ನೂರೂ ಚಕ್ರ ಒಂದೇ ಗೆರೆ ಮೇಲೆ ಬೀಳುತ್ತೆ.

ಇನ್ನರ್ಧ ಕಾರಣ ಆಮೇಲೆ. ಮೊದಲು ಸವಾರಿ ಹೇಗಿರುತ್ತೆ ಅಂತ ಹೇಳ್ತೀನಿ. ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ.

ನಾನು ಮೊರೆನಾದಲ್ಲಿ ಉಳಿದುಕೊಂಡು ದಿನಕ್ಕೊಂದು ಕಡೆ ಹೋದೆ. ಒಂದು ದಿನ ಅಂಬಾಹ್ ಕಡೆ, ಒಂದು ದಿನ ಭಿಂಡ್ ದಾಟಿ ಅಟೇರ್ ಕೋಟೆ. ಅಟೇರ್ ಹದಿನೇಳನೇ ಶತಮಾನದ ಕೋಟೆ, ಭದೌರಿಯಾ ಅರಸರದ್ದು. ಬೀಹಡ್ ನಡುವೆಯೇ ನಿಂತಿದೆ, ಕೋಟೆ ಮೇಲಿಂದ ಚಂಬಲ್ ಕಣಿವೆ ಕಾಣುತ್ತೆ. ಅಲ್ಲಿಗೆ ಹೋಗೋ ದಾರಿಯೇ ಸವಾರಿ: ರಸ್ತೆ ಕೊರಕಲಿನೊಳಗೆ ಇಳಿಯುತ್ತೆ, ಎರಡೂ ಕಡೆ ಮಣ್ಣಿನ ಗೋಡೆ, ಆಕಾಶ ಒಂದು ಪಟ್ಟಿ, ಆಮೇಲೆ ಇದ್ದಕ್ಕಿದ್ದಂತೆ ಮೇಲೆ ಬಂದು ಸಾಸಿವೆ ಹೊಲ. ಇನ್ನೊಂದು ದಿನ ಬಟೇಶ್ವರ. ಪಡಾವಲಿ ಹತ್ತಿರ ಸುಮಾರು ಇನ್ನೂರು ಪುಟ್ಟ ಗುಡಿಗಳ ಗುಂಪು, ಸಾವಿರ ವರ್ಷಕ್ಕೂ ಹಳೆಯವು. ಬಿದ್ದು ಕಲ್ಲಿನ ರಾಶಿಯಾಗಿದ್ದವು. 2005ರಲ್ಲಿ ಪುರಾತತ್ವ ಇಲಾಖೆಯ ಕೆ.ಕೆ. ಮುಹಮ್ಮದ್ ಅವರು ಅವನ್ನು ಒಂದೊಂದೇ ಎತ್ತಿ ನಿಲ್ಲಿಸೋ ಕೆಲಸ ಶುರು ಮಾಡಿಸಿದರು. ಬಿದ್ದ ಕಲ್ಲನ್ನು ಅದರದ್ದೇ ಜಾಗಕ್ಕೆ ವಾಪಸ್ ಇಡೋ ತಾಳ್ಮೆ ನೋಡಿದರೆ ತಲೆಬಾಗಬೇಕು ಅನಿಸುತ್ತೆ.

ಗಾಡಿಗೆ ಸಂಬಂಧಿಸಿದ ಮಾತು. ಅಲ್ಲಿನ ಮುಖ್ಯ ಶತ್ರು ಮುಳ್ಳು. ನಮ್ಮ ಬಯಲುಸೀಮೆಯವರಿಗೆ ಬಳ್ಳಾರಿ ಜಾಲಿ ಗೊತ್ತಲ್ಲ? ಅದೇ ಗಿಡ, ಅಲ್ಲಿ ವಿಲಾಯತಿ ಕೀಕರ್ ಅಂತಾರೆ. ಮಣ್ಣು ಹಿಡಿದುಕೊಳ್ಳಲಿ ಅಂತ 1980ರ ದಶಕದಲ್ಲಿ ವಿಮಾನದಿಂದ ಬೀಜ ಎರಚಿದ್ದರು. ಹಿಡೀತು, ಜೊತೆಗೆ ಅಲ್ಲಿನ ಸ್ಥಳೀಯ ಗಿಡಗಳ ಜಾಗವನ್ನೂ ಹಿಡೀತು. ಹಸಿರು ಕಾಣುತ್ತೆ ಅಂತ ಪೊದೆ ಪಕ್ಕ ಗಾಡಿ ಓಡಿಸಿದರೆ ಪಂಕ್ಚರ್ ಖಚಿತ. ಮುಂದಿನ 21 ಇಂಚಿನ ಟ್ಯೂಬ್ ಆ ಕಡೆ ಚಿಕ್ಕ ಊರುಗಳಲ್ಲಿ ಸಿಗಲ್ಲ. ಒಂದು ಸ್ಪೇರ್ ಟ್ಯೂಬ್, ಟೈರ್ ಲಿವರ್, ಕೈ ಪಂಪು ಇಟ್ಕೊಳ್ಳಿ. ಎರಡು ಟ್ಯೂಬಿಗೆ ಜಾಗ ಇಲ್ಲ ಅಂದ್ರೆ 21 ಇಂಚಿನದ್ದೇ ತಗೊಳ್ಳಿ, ಹಿಂದಿನ ಚಕ್ರಕ್ಕೂ ಹೇಗೋ ತುರುಕಿ ಊರು ಮುಟ್ಟಬಹುದು. ಪೆಟ್ರೋಲ್ ವಿಷಯದಲ್ಲಿ ಚಿಂತೆ ಬೇಡ, ಹೆದ್ದಾರಿ ಮತ್ತು ತಾಲ್ಲೂಕು ಊರುಗಳಲ್ಲಿ ಸಿಗುತ್ತೆ. ನೀರು ಮಾತ್ರ ಮೂರು ಲೀಟರ್ ಬೆನ್ನ ಮೇಲಿರಲಿ.

ದಾರಿ ತಪ್ಪೋದು ಸಹಜ. ಉಪಗ್ರಹ ಚಿತ್ರದಲ್ಲಿ ಬೀಹಡ್ ಮರದ ಎಲೆಯ ನರಗಳ ಹಾಗೆ ಕಾಣುತ್ತೆ. ಕೆಳಗಿಳಿದ ಮೇಲೆ ಎಲ್ಲ ನರವೂ ಒಂದೇ ಥರ. ಕೊರಕಲಿನ ತಳದಲ್ಲಿ ದಾರಿ ಇದ್ದಕ್ಕಿದ್ದಂತೆ ಗೋಡೆಗೆ ಮುಟ್ಟಿ ಮುಗಿದುಬಿಡುತ್ತೆ, ಬೈಕ್ ತಿರುಗಿಸೋಕೂ ಜಾಗ ಇರಲ್ಲ. ಅದಕ್ಕೇ ಅನುಮಾನ ಬಂದ ಕಡೆ ಗಾಡಿ ನಿಲ್ಲಿಸಿ ಮೊದಲು ನಡೆದು ನೋಡಿ. ಒಬ್ಬರೇ ಹೋಗಬೇಡಿ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್ ತಿರುಗಿ. ಕತ್ತಲಾದ ಮೇಲೆ ಆ ದಾರಿಯಲ್ಲಿ ಹೆಡ್‌ಲೈಟಿಗೆ ತಗ್ಗು ಯಾವುದು, ನೆರಳು ಯಾವುದು ಗೊತ್ತಾಗಲ್ಲ.

ಸರಿ, ಡಕಾಯಿತರ ಪ್ರಶ್ನೆಗೆ ಬರೋಣ. ಸಿನಿಮಾಗಳಲ್ಲಿ ನೋಡಿದ ಆ ದೊಡ್ಡ ಗ್ಯಾಂಗುಗಳ ಕಾಲ ಮುಗಿದಿದೆ. ಅದು ಮುಗಿಯೋದಕ್ಕೆ ಪೊಲೀಸರ ಗುಂಡು ಒಂದು ಕಾರಣ, ಶರಣಾಗತಿ ಇನ್ನೊಂದು. 1960ರಲ್ಲಿ ವಿನೋಬಾ ಭಾವೆ ಆ ಕಡೆ ಪಾದಯಾತ್ರೆ ಮಾಡಿದಾಗ ಒಂದಿಷ್ಟು ಜನ ಬಂದೂಕು ಕೆಳಗಿಟ್ಟರು. 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ್ ನಾರಾಯಣ್ ಮುಂದೆ ಮೊರೆನಾ ಜಿಲ್ಲೆಯ ಜೌರಾದಲ್ಲಿ ಮೋಹರ್ ಸಿಂಗ್, ಮಾಧೋ ಸಿಂಗ್ ಥರದ ಹೆಸರುವಾಸಿಗಳೇ ಶರಣಾದರು. ಈ ಜೌರಾದ ಕಥೆಯಲ್ಲಿ ನಮಗೆ ಸಂಬಂಧಪಟ್ಟ ಒಬ್ಬರಿದ್ದಾರೆ, ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಎಸ್.ಎನ್. ಸುಬ್ಬರಾವ್. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಸೇರಿದ ಗಾಂಧಿವಾದಿ. ಅವರು ಜೌರಾದಲ್ಲಿ ಮಹಾತ್ಮ ಗಾಂಧಿ ಸೇವಾಶ್ರಮ ಕಟ್ಟಿಕೊಂಡು ಅಲ್ಲೇ ನಿಂತರು, ದಂಗೆಕೋರರ ಜೊತೆ ಮಾತಾಡಿದರು, ಆ ಶರಣಾಗತಿಗೆ ನೆಲ ಹದ ಮಾಡಿದವರಲ್ಲಿ ಒಬ್ಬರಾದರು. ಇಡೀ ಚಂಬಲ್ ಅವರನ್ನು ಭಾಯೀಜೀ ಅಂತ ಕರೀತಿತ್ತು. 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡರು, ಅಂತ್ಯಸಂಸ್ಕಾರ ಆಗಿದ್ದೂ ಜೌರಾದಲ್ಲೇ. ಬೆಂಗಳೂರಿಂದ ಬಂದೆ ಅಂದಾಗ ಅಲ್ಲೊಬ್ಬರು ಹಿರಿಯರು "ಭಾಯೀಜೀ ಊರಿನವರಾ?" ಅಂತ ಕೇಳಿ ಚಹಾದ ದುಡ್ಡು ತಗೊಳ್ಳಲಿಲ್ಲ. ಒಬ್ಬ ಮನುಷ್ಯ ಐವತ್ತು ವರ್ಷ ಒಂದು ಊರಲ್ಲಿ ಹೇಗೆ ನಡ್ಕೊಂಡಿದ್ದರೋ, ಅದರ ಲಾಭ ಬೈಕಲ್ಲಿ ಹೋದ ನನಗೆ ಸಿಕ್ತು.

ಈಗ ಭಯಪಡಬೇಕಾದ್ದು ಇದ್ದರೆ ಅದು ಮರಳು, ಕಲ್ಲಿನ ಅಕ್ರಮ ಸಾಗಣೆಗೆ. 2012ರ ಮಾರ್ಚ್‌ನಲ್ಲಿ ಮೊರೆನಾ ಜಿಲ್ಲೆಯ ಬಾನ್‌ಮೋರ್‌ನಲ್ಲಿ ಅಕ್ರಮ ಕಲ್ಲು ತುಂಬಿದ ಟ್ರ್ಯಾಕ್ಟರ್ ತಡೆಯೋಕೆ ಹೋದ ಯುವ ಐಪಿಎಸ್ ಅಧಿಕಾರಿ ನರೇಂದ್ರ ಕುಮಾರ್ ಅದೇ ಟ್ರ್ಯಾಕ್ಟರ್ ಕೆಳಗೆ ಸಿಕ್ಕಿ ಪ್ರಾಣ ಬಿಟ್ಟರು. ಹಾಗಾಗಿ ನದಿ ಕಡೆಯಿಂದ ಟ್ರ್ಯಾಕ್ಟರುಗಳ ಸಾಲು ಬರ್ತಿದ್ದರೆ ದಾರಿ ಬಿಟ್ಟು ನಿಲ್ಲಿ, ಹೆಲ್ಮೆಟ್ ಕ್ಯಾಮೆರಾ ಆಫ್ ಮಾಡಿ, ಹೀರೋ ಆಗೋಕೆ ಹೋಗಬೇಡಿ.

ಮರಳು ಅಂದಾಗ ನದಿ ವಿಷಯ. ಕೊರಕಲಿನಿಂದ ಹೊರಗೆ ಬಂದಾಗ ಎದುರಿಗೆ ತಿಳಿನೀರಿನ ಚಂಬಲ್, ಪಕ್ಕದಲ್ಲಿ ಅಗಲವಾದ ಬಿಳಿ ಮರಳ ದಂಡೆ. ಬೈಕ್ ಇರೋ ಯಾರಿಗೇ ಆದರೂ ಅದರ ಮೇಲೊಂದು ಸುತ್ತು ಹೊಡೆಯೋ ಆಸೆ ಆಗುತ್ತೆ. ದಯವಿಟ್ಟು ಬೇಡ. ಇದು ರಾಷ್ಟ್ರೀಯ ಚಂಬಲ್ ಅಭಯಾರಣ್ಯ, ಮೂರು ರಾಜ್ಯಕ್ಕೆ ಸೇರಿದ್ದು. ಘರಿಯಾಲ್ ಅಂತ ಉದ್ದ ಮೂತಿಯ, ಮೀನು ತಿನ್ನೋ ಮೊಸಳೆ ಇದೆಯಲ್ಲ, ಪ್ರಪಂಚದಲ್ಲಿ ಉಳಿದಿರೋ ಘರಿಯಾಲ್‌ಗಳಲ್ಲಿ ಹೆಚ್ಚಿನವು ಈ ಒಂದು ನದಿಯಲ್ಲೇ ಇವೆ. 2007ರ ಡಿಸೆಂಬರ್‌ನಿಂದ ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಸತ್ತು ತೇಲಿದ್ದವು. ಅಷ್ಟು ನಾಜೂಕು ಸ್ಥಿತಿ. ಅವು ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಇದೇ ಮರಳ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ, ಮಳೆಗಾಲ ಶುರುವಾಗೋ ಮುಂಚೆ ಮರಿ ಹೊರಗೆ ಬರಬೇಕು. ನದಿ ಆಮೆಗಳೂ ಅಲ್ಲೇ ಮೊಟ್ಟೆ ಇಡುತ್ತವೆ. ಸ್ಕಿಮ್ಮರ್ ಅನ್ನೋ ಹಕ್ಕಿಗೆ ಗೂಡೇ ಇಲ್ಲ, ಬರೀ ಮರಳ ಮೇಲೆ ಮೊಟ್ಟೆ. ಮೇಲಿಂದ ನೋಡಿದರೆ ನಮಗೆ ಏನೂ ಕಾಣಲ್ಲ, ಖಾಲಿ ಮರಳು ಅನ್ನಿಸುತ್ತೆ. ಚಳಿಗಾಲದಲ್ಲಿ ಬಿಸಿಲು ಕಾಯಿಸೋಕೂ ಅವಕ್ಕೆ ಬೇಕಾದ್ದು ಅದೇ ದಂಡೆ, ಒಂದು ಬೈಕ್ ಸದ್ದು ಕೇಳಿದರೆ ಎಲ್ಲ ನೀರಿಗೆ. ಅಭಯಾರಣ್ಯದೊಳಗೆ ಹೋಗೋಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಅನುಮತಿ ಬೇಕು. ಬೈಕನ್ನು ಮೇಲೆ ಊರಲ್ಲಿ ನಿಲ್ಲಿಸಿ, ಅನುಮತಿ ಇರೋ ದೋಣಿಯಲ್ಲಿ ಹೋಗಿ ನೋಡಿ. ದೋಣಿಗೆ ಕೊಟ್ಟ ದುಡ್ಡು ಆ ಊರಿನಲ್ಲೇ ಉಳಿಯುತ್ತೆ.

ಈಗ ಬಾಕಿ ಇದ್ದ ಇನ್ನರ್ಧ ಕಾರಣ.

ಅಂಬಾಹ್ ಕಡೆ ಒಂದು ಹಳ್ಳಿ ಹೊರಗೆ, ಮುಂದಿನ ದಾರಿ ಯಾವ ಕಡೆ ಅಂತ ನೋಡ್ತಾ ನಿಂತಿದ್ದೆವು. ವಯಸ್ಸಾದ ಒಬ್ಬರು ರೈತರು ಹೊಲದ ಕಡೆಯಿಂದ ಬಂದು ಹೇಳಿದರು: "ಬೇಟಾ, ಗಾಡಿ ಬಂದ್ ಮಾಡು. ನಡೆದು ಬಾ, ಒಂದು ತೋರಿಸ್ತೀನಿ." ಹೋದೆವು. ಅವರ ಹೊಲದ ಕೊನೆಯಲ್ಲಿ ಬದು, ಬದುವಿನ ಆಚೆ ಕೊರಕಲಿನ ತಲೆ. ತಮ್ಮ ಅಪ್ಪನ ಕಾಲದಲ್ಲಿ ಮನೆಗೂ ಕೊರಕಲಿಗೂ ಮಧ್ಯೆ ಐದು ಹೊಲ ಇದ್ದವಂತೆ, ಈಗ ಎರಡು. ಪ್ರತಿ ವರ್ಷ ಮಳೆ ಶುರುವಾಗೋ ಮುಂಚೆ ಆ ಬದು ಸರಿ ಮಾಡೋದು ಅವರ ಕೆಲಸ. ಹಿಂದಿನ ಚಳಿಗಾಲದಲ್ಲಿ ಬೈಕಿನವರ ಒಂದು ಗುಂಪು ಬಂದಿತ್ತು. ಬದುವಿನ ಮೇಲಿಂದ ಗಾಡಿ ಹಾರಿಸಿ ವಿಡಿಯೋ ಮಾಡ್ಕೊಂಡಿದ್ದಾರೆ, ಮತ್ತೆ ಮತ್ತೆ, ಒಂದೇ ಜಾಗದಲ್ಲಿ. ಬದು ಅಲ್ಲಿ ಒಂದು ಗೇಣು ತಗ್ಗಿತ್ತು. ಹುಲ್ಲು ಬೆಳೆದು ಮುಚ್ಚಿಕೊಂಡಿದ್ದರಿಂದ ಇವರ ಕಣ್ಣಿಗೂ ಬಿದ್ದಿಲ್ಲ. ಮೊದಲ ದೊಡ್ಡ ಮಳೆಗೆ ಹೊಲದ ನೀರೆಲ್ಲ ಆ ಗೇಣು ತಗ್ಗಿನಿಂದ ನುಗ್ಗಿದೆ. ಬೆಳಗ್ಗೆ ಎದ್ದು ನೋಡಿದರೆ ಕೊರಕಲಿನ ತಲೆ ಎರಡು ಮಂಚದ ಉದ್ದ ಒಳಗೆ ಬಂದಿತ್ತು. ಈಗ ಅಲ್ಲಿ ಕೀಕರ್ ಕೊಂಬೆ, ಮಣ್ಣು, ಕಲ್ಲು ಎಲ್ಲ ತುಂಬಿದ್ದಾರೆ. ಹೋದ ನೆಲ ವಾಪಸ್ ಬರಲ್ಲ.

ನಾನು ಏನು ಹೇಳಬೇಕು ಅಂತ ತೋಚದೆ ನಿಂತಿದ್ದೆ. ಅವರು ಬೈಯಲಿಲ್ಲ. "ಅವರು ನಿನಗೆ ಗೊತ್ತಾ?" ಅಂದರು. ಇಲ್ಲ ಬಾಬಾ ಅಂದೆ. "ಗೊತ್ತಾದರೆ ಹೇಳು, ಆ ಬೇವಿನ ಮರದ ಕಡೆಯಿಂದ ಗಾಡಿ ದಾರಿ ಇದೆ. ಅಲ್ಲಿಂದ ಹೋಗಲಿ. ಬರಬೇಡಿ ಅಂತ ನಾನು ಹೇಳಲ್ಲ."

ಆ ಗುಂಪು ಯಾವುದು ಅಂತ ನನಗೆ ಗೊತ್ತಿಲ್ಲ, ಹುಡುಕೋಕೂ ಹೋಗಿಲ್ಲ. ಆದರೆ ಈ ಸಂಚಿಕೆ ಕೇಳ್ತಿರೋರಲ್ಲಿ ಬೈಕ್ ಇರೋರು ತುಂಬಾ ಜನ ಇದ್ದೀರಿ. ಆ ಮಾತನ್ನು ನಿಮಗೆ ತಲುಪಿಸಿದ್ದೀನಿ.

ವಾಪಸ್ ಬಂದ ಮೇಲೆ ಅಭ್ಯಾಸದ ಪ್ರಕಾರ ಖರ್ಚಿನ ಪಟ್ಟಿ ಬರೆದೆ. ರೈಲು ಪಾರ್ಸೆಲ್, ಟಿಕೆಟ್, ಪೆಟ್ರೋಲ್, ರೂಮು, ಊಟ, ಎರಡು ಪಂಕ್ಚರ್, ಒಂದು ಬ್ರೇಕ್ ಲಿವರ್. ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದೆ ಲೆಕ್ಕ ಸಿಕ್ತು. ಆಮೇಲೆ ಯೋಚನೆ ಬಂತು. ಆ ಬದು ಹಾರಿಸಿದವರೂ ಇದೇ ಥರ ಪಟ್ಟಿ ಬರೆದಿರ್ತಾರೆ. ಅವರ ಲೆಕ್ಕವೂ ಸರಿಯಾಗೇ ಸಿಕ್ಕಿರುತ್ತೆ. ಎರಡು ಮಂಚದ ಉದ್ದದ ನೆಲ ಮಾತ್ರ ಅವರ ಪಟ್ಟಿಯಲ್ಲಿ ಎಲ್ಲೂ ಇರಲ್ಲ, ಯಾಕಂದ್ರೆ ಅದಕ್ಕೆ ಬಿಲ್ ಬಂದಿಲ್ಲ. ಖರ್ಚು ಒಬ್ಬರದ್ದು, ಬಿಲ್ ಇನ್ನೊಬ್ಬರ ಮನೆಗೆ. ಕಾಲೇಜಿನಲ್ಲಿ ಎಕನಾಮಿಕ್ಸ್ ಪೇಪರಿನಲ್ಲಿ ಇದಕ್ಕೆ ಐದು ಮಾರ್ಕಿನ ಉತ್ತರ ಬರೆದಿದ್ದೆ. ಕೊರಕಲಿನ ತಲೆ ಮುಂದೆ ನಿಂತಾಗ ಅರ್ಥ ಆಯ್ತು.

"ಬೀಹಡ್ ಅಂದ್ರೆ ಬೀಳು ನೆಲ ತಾನೇ, ಅಲ್ಲಿ ಹಾಳಾಗೋಕೆ ಏನಿದೆ?" ಅಂತ ನೀವು ಕೇಳಬಹುದು. ಸರ್ಕಾರಿ ಕಾಗದದಲ್ಲೂ ಎಷ್ಟೋ ಕಡೆ ಬೀಳು ಅಂತಲೇ ಇದೆ. ಬೀಹಡ್ ತಡೆಯೋದು ಹೇಗೆ ಅಂತ ಸಂಶೋಧನೆ ಮಾಡೋಕೆ 1950ರ ದಶಕದಲ್ಲೇ ಕೋಟಾ, ಆಗ್ರಾಗಳಲ್ಲಿ ಕೇಂದ್ರಗಳು ಶುರುವಾದವು. ಇತ್ತೀಚಿನ ವರ್ಷಗಳಲ್ಲಿ ರೈತರು ಜೆಸಿಬಿ, ಟ್ರ್ಯಾಕ್ಟರ್ ತಂದು ದಿಬ್ಬ ಕಡಿದು ಕೊರಕಲು ತುಂಬಿ ಹೊಲ ಮಾಡ್ತಿದ್ದಾರೆ. ದಾರಿಯುದ್ದಕ್ಕೂ ನೋಡಿದೆ. ಮೂರು ವರ್ಷದ ಹಿಂದಿನ ಉಪಗ್ರಹ ಚಿತ್ರದಲ್ಲಿ ಕಮರಿ ಇದ್ದ ಕಡೆ ಈಗ ಚೌಕ ಚೌಕ ಸಾಸಿವೆ. ಟ್ರ್ಯಾಕ್ ಹಂಚೋದು ಬೇಡ ಅನ್ನೋಕೆ ಇದೂ ಒಂದು ಕಾರಣ, ನಾನು ಹೋದ ದಾರಿ ನೀವು ಹೋಗೋ ಹೊತ್ತಿಗೆ ಯಾರದೋ ಹೊಲದ ಮಧ್ಯೆ ಇರಬಹುದು. ಸಮ ಮಾಡಿದ್ದು ಒಳ್ಳೆಯದಾ, ಕೆಟ್ಟದ್ದಾ? ಕಾಡು ನೋಡೋರು ಕೆಟ್ಟದ್ದು ಅಂತಾರೆ, ಮಣ್ಣು ಸಡಿಲವಾಗಿ ನದಿಗೆ ಹೋಗುತ್ತೆ, ಬದು ಗಟ್ಟಿ ಇಲ್ಲದಿದ್ದರೆ ಕೊರಕಲು ಮತ್ತೆ ಬಾಯಿ ತೆರೆಯುತ್ತೆ ಅಂತಾರೆ. ಅದು ನಿಜ. ಎರಡು ಹೊಲ ಉಳಿದವರು ಮೂರನೆಯದು ಮಾಡ್ಕೊಂಡರೆ ತಪ್ಪು ಅನ್ನೋಕೆ ನನಗಂತೂ ಬಾಯಿ ಬರಲ್ಲ. ನಾನು ಅಲ್ಲಿಗೆ ಮೋಜಿಗೆ ಹೋದವನು. ಬದುಕೋಕೆ ಮಣ್ಣು ಕಡಿಯೋರಿಗೂ ವಿಡಿಯೋಗೆ ಮಣ್ಣು ಕಡಿಯೋರಿಗೂ ವ್ಯತ್ಯಾಸ ಇದೆ.

ಹಾಗಾದರೆ ನಾವು ಹೇಗೆ ಹೋಗಬೇಕು? ನಾನು ಪಾಲಿಸಿದ್ದನ್ನು ಹೇಳ್ತೀನಿ, ಬರೆದುಕೊಳ್ಳಿ.

ಜನ, ದನ, ಟ್ರ್ಯಾಕ್ಟರ್ ಈಗಾಗಲೇ ಓಡಾಡ್ತಿರೋ ದಾರಿಯಲ್ಲೇ ಹೋಗಿ. ಹೊಸ ಗೆರೆ ಹಾಕಬೇಡಿ. ಇಳಿಜಾರನ್ನು ನೇರ ಮೇಲಕ್ಕೆ ಹತ್ತೋ ಆಟ ಬೇಡ. ಬದು ಕಂಡರೆ ಅದರ ಕೊನೆವರೆಗೆ ಹೋಗಿ, ದಾರಿ ಬಿಟ್ಟಿರೋ ಕಡೆ ದಾಟಿ. ಮಳೆ ಬಂದ ಮೂರು ದಿನ ಒಳಗೆ ಇಳಿಯಬೇಡಿ, ಗಾಡಿಗೂ ಒಳ್ಳೆಯದಲ್ಲ, ನೆಲಕ್ಕೂ ಅಲ್ಲ. ಹಳ್ಳಿ ಬಂದಾಗ ಗಾಡಿ ನಿಧಾನ ಮಾಡಿ, ಹೆಲ್ಮೆಟ್ ತೆಗೆದು ಮುಖ ತೋರಿಸಿ, ದಾರಿ ಕೇಳಿ. ದಾರಿ ಗೊತ್ತಿದ್ದರೂ ಕೇಳಿ. ಆ ಪ್ರದೇಶದಲ್ಲಿ ಮುಖ ಮುಚ್ಚಿಕೊಂಡು ಕೊರಕಲಿನಿಂದ ಮೇಲೆ ಬರೋ ಗುಂಪನ್ನು ನೋಡಿದರೆ ಹಳಬರಿಗೆ ಬೇರೆ ನೆನಪುಗಳು ಬರುತ್ತವೆ. ನಾಲ್ಕೈದು ಗಾಡಿಗಿಂತ ಹೆಚ್ಚು ಗುಂಪು ಬೇಡ. ಸೈಲೆನ್ಸರ್ ಬದಲಾಯಿಸಿದ ಗಾಡಿ ಬೇಡವೇ ಬೇಡ.

ಟ್ರ್ಯಾಕ್ ಬದಲು ಏನು ಕಳಿಸ್ತೀನಿ ಅಂದ್ರೆ ಊರುಗಳ ಹೆಸರು. ಗ್ವಾಲಿಯರ್, ಮೊರೆನಾ, ಜೌರಾ, ಪಡಾವಲಿ, ಅಂಬಾಹ್, ಭಿಂಡ್, ಅಟೇರ್. ಊರಿಂದ ಊರಿಗೆ ದಾರಿ ಕೇಳ್ಕೊಂಡು ಹೋಗಿ. ಪ್ರತಿಯೊಬ್ಬರೂ ಬೇರೆ ಬೇರೆ ಜನರನ್ನು ಕೇಳ್ತೀರಿ, ಬೇರೆ ಬೇರೆ ದಾರಿಯಲ್ಲಿ ಹೋಗ್ತೀರಿ, ನೆಲದ ಮೇಲಿನ ಭಾರ ಹಂಚಿಹೋಗುತ್ತೆ. ಆ ವರ್ಷ ಯಾವ ದಾರಿ ಕುಸಿದಿದೆ, ಯಾರು ಹೊಸದಾಗಿ ಹೊಲ ಮಾಡಿದ್ದಾರೆ ಅನ್ನೋದು ಅಲ್ಲಿನವರಿಗೆ ಗೊತ್ತು, ನನ್ನ ಫೋನಿಗೆ ಗೊತ್ತಿಲ್ಲ.

ಇದು ಚಂಬಲ್‌ಗೆ ಮಾತ್ರ ಸಂಬಂಧಪಟ್ಟ ಮಾತಲ್ಲ ಅಂತ ನಿಮಗೆ ಅನ್ನಿಸಿರಬಹುದು. ನಮ್ಮ ಮಲೆನಾಡಿನ ಗುಡ್ಡದ ಹುಲ್ಲುಗಾವಲುಗಳ ಮೇಲೆ ಜೀಪು, ಬೈಕಿನ ಗೆರೆಗಳನ್ನು ನಾವೆಲ್ಲ ನೋಡಿದ್ದೀವಿ. ಆ ಗೆರೆಗಳಲ್ಲಿ ಮಳೆ ನೀರು ಹೇಗೆ ಹರಿಯುತ್ತೆ ಅಂತ ಈ ಮಳೆಗಾಲದಲ್ಲಿ ಯಾರಾದರೂ ಹೋಗಿ ನೋಡಿ ಬನ್ನಿ, ನಡೆದುಕೊಂಡು. ನೋಡಿದ್ದನ್ನು ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.

ಇವತ್ತಿಗೆ ಇಷ್ಟು. ಹೆಲ್ಮೆಟ್ ಹಾಕ್ಕೊಳ್ಳಿ, ನಿಧಾನಕ್ಕೆ ಹೋಗಿ. ಮುಂದಿನ ವಾರ ಸಿಗೋಣ. ನಮಸ್ಕಾರ.